ಮೋಡ ಎಂದು ಬರೆದ ರಾತ್ರಿಗಳು

ನವೆಂಬರ್ ೧೭, ೨೦೧೧

ಫಿನ್‌ಲ್ಯಾಂಡಿನ ಹೆಂಗಸು ಇವತ್ತು ಬಂದಳು. ಹೆಸರು ಸಾತು. ವಯಸ್ಸು ಮೂವತ್ತೆಂಟು, ಮಾತು ಕಡಿಮೆ, ಕಾಫಿ ಜಾಸ್ತಿ. ಫೆಬ್ರವರಿ ಕೊನೆಯವರೆಗೆ ಮಹಡಿಯ ಕೋಣೆ ಅವಳಿಗೆ. ಆಮೇಲೆ ನಾನೂ ಮನೆಗೆ ಬೀಗ ಹಾಕಿ ಬರ್ಗೆನ್‌ನಲ್ಲಿರುವ ಅಕ್ಕನ ಹತ್ತಿರ ಹೋಗುವವಳು. ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿದೆ. ಅವಳಿಗೆಂದು ಎರಡು ಬಟ್ಟಲು ಮಾತ್ರ ಹೊರಗೆ ತೆಗೆದೆ.

ಅವಳ ಯಂತ್ರ ಒಂದು ಹಾಲಿನ ಕ್ಯಾನಿನಷ್ಟು ದೊಡ್ಡದು. ಅದೇನೆಂದು ಕೇಳಿದೆ, ಗೊತ್ತಿದ್ದೂ. ಲೈಬ್ರರಿಯಿಂದ ನಿವೃತ್ತಳಾದ ಮುದುಕಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: "ಬೆಳಕು ಅಂದ್ರೆ ಅಲೆ. ಮಾಮೂಲಿ ಬೆಳಕು ಎಲ್ಲಾ ದಿಕ್ಕಿಗೂ ನಡುಗತ್ತೆ. ಒಂದೇ ದಿಕ್ಕಿಗೆ ಹೆಚ್ಚು ನಡುಗಿದ್ರೆ ಧ್ರುವೀಕರಣ ಆಗಿದೆ ಅಂತೀವಿ. ರಾತ್ರಿ ಆಕಾಶದಲ್ಲಿ ಆಡೋ ಉತ್ತರದ ಬೆಳಕು ಹಾಗೆ ನಡುಗತ್ತಾ ಇಲ್ವಾ ಅಂತ ನೋಡೋಕೆ ಬಂದಿದೀನಿ."

"ಒಂದೇ ದಿಕ್ಕಿನ ಬೆಳಕು ಬಿಡೋ, ಯಂತ್ರದ ಮುಂದಿರೋ ಹಾಳೆ ತಿರುಗಿಸ್ತಾ ಹೋದ ಹಾಗೆ ಬೆಳಕು ಒಂದ್ಸಲ ಮಂಕಾಗಿ ಒಂದ್ಸಲ ಏರಿದ್ರೆ ಆಗಿದೆ ಅಂತ. ಹಾಗೇ ಇದ್ರೆ ಇಲ್ಲ ಅಂತ," ಅಂದೆ.

ಅವಳು ಬಟ್ಟಲು ಕೆಳಗಿಟ್ಟಳು. "ನಿಂಗೆ ಹೇಗೆ ಗೊತ್ತು?"

"ಎರಡು ಚಳಿಗಾಲ ಆ ಹಾಳೇನ ಕೈಯಲ್ಲೇ ತಿರುಗಿಸಿದೀನಿ."

ಅವಳು ನಮ್ಮೂರು ಸ್ಕಾರ್‌ವಿಕ್‌ಗೆ ಬಂದಿರುವುದು ಗುಡ್ಡದ ಮೇಲೆ ವಿಜ್ಞಾನಿ ಟೋರ್ಲೈಫ್ ಬ್ರೆಕ್‌ಮೊ ನಲವತ್ತು ವರ್ಷದ ಹಿಂದೆ ಯಂತ್ರ ಇಡಲು ಕಟ್ಟಿಸಿದ ಕಲ್ಲುಕಟ್ಟೆಗಾಗಿ, ಮತ್ತು ಪಟ್ಟಣದ ದೀಪ ಕಾಣದ ಆಕಾಶಕ್ಕಾಗಿ. ಅವನ ಜೊತೆ ಅಳತೆ ಮಾಡುತ್ತಿದ್ದ ಹುಡುಗಿ ನಾನೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ನವೆಂಬರ್ ೨೫

ಸೂರ್ಯ ಇವತ್ತು ಬೆಟ್ಟದ ಮೇಲೆ ಬರಲಿಲ್ಲ. ಇನ್ನು ಜನವರಿಯಲ್ಲೇ ಕಾಣುವುದು, ಅಲ್ಲಿಯವರೆಗೆ ನಡುಹಗಲಿಗೆ ಮಬ್ಬು ಬೆಳಕಷ್ಟೇ.

ಸಾತುವನ್ನು ಗುಡ್ಡಕ್ಕೆ ಕರೆದುಕೊಂಡು ಹೋದೆ. ಕಟ್ಟೆಯ ಪಕ್ಕದ ಒಂಟಿಕೋಣೆಯ ಬಾಗಿಲು ಹಿಮಕ್ಕೆ ಅಂಟಿಕೊಂಡಿತ್ತು, ಇಬ್ಬರೂ ಒದ್ದು ತೆರೆದೆವು. ಒಳಗೆ ಸೀಮೆಎಣ್ಣೆ, ಒದ್ದೆ ಉಣ್ಣೆ, ಒಣಮೀನಿನ ವಾಸನೆ. ನಲವತ್ತು ವರ್ಷ ಇಲ್ಲೇ ಕಾದಿತ್ತೇನೋ. ನನಗೆ ಕೂರಬೇಕೆನಿಸಿತು.

ಇಪ್ಪತ್ತೊಂದು ವರ್ಷ ಆಗ ನನಗೆ. ಟೋರ್ಲೈಫ್‌ಗೆ ಮೂವತ್ತೈದು. ಸರದಿಯ ಮೇಲೆ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದೆವು. ರೆಪ್ಪೆ ಹೆಪ್ಪುಗಟ್ಟಿದರೆ ಅಂಗೈಯಿಂದ ಕರಗಿಸಿಕೊಳ್ಳುವುದು, ಮತ್ತೆ ಹಾಳೆಯನ್ನು ಒಂದು ಗೆರೆ ತಿರುಗಿಸುವುದು, ಮಾಪಕದ ಮುಳ್ಳು ತೋರಿಸಿದ ಅಂಕಿ ಬರೆಯುವುದು. ಎಲ್ಲರೂ ನೋಡುವ ಹಸಿರು ನಮಗೆ ಬೇಕಿರಲಿಲ್ಲ. ಹಸಿರಿನ ಮೇಲೆ, ಬಹಳ ಎತ್ತರದಲ್ಲಿ, ತೊಳೆದ ಬಟ್ಟೆಯಲ್ಲಿ ಉಳಿದ ಬೀಟ್‌ರೂಟ್ ಕಲೆಯಷ್ಟು ತೆಳುವಾಗಿ ಒಂದು ಕೆಂಪು ಇರುತ್ತದೆ. ನಮಗೆ ಬೇಕಾದ್ದು ಅದು. ಟೋರ್ಲೈಫ್ ಕೆಂಪು ಕಂಡರೆ ಹಾಡುತ್ತಿದ್ದ, ಶ್ರುತಿಯೇ ಇಲ್ಲದೆ. ಗುಡ್ಡದ ಕೆಳಗಿನ ನಾಯಿಗಳು ಬೊಗಳುತ್ತಿದ್ದವು. ಅವು ಬೊಗಳಿದರೆ ಇವತ್ತು ಕೆಲಸ ಚೆನ್ನಾಗಿದೆ ಎಂದು ಊರಿಗೆ ಗೊತ್ತಾಗುತ್ತಿತ್ತು.

ಅಷ್ಟು ಸಂತೋಷವಾಗಿ ಆಮೇಲೆ ನಾನು ಎಂದೂ ಇರಲಿಲ್ಲ. ಬರೆದ ಮೇಲೆ ಓದಿದರೆ ಇದು ಹೆಚ್ಚಾಯಿತೆನಿಸುತ್ತದೆ. ಆದರೂ ಅಳಿಸುವುದಿಲ್ಲ.

ಡಿಸೆಂಬರ್ ೪, ಭಾನುವಾರ

ಟೋರ್ಲೈಫ್ ಇರುವ ಮುದುಕರ ಆರೈಕೆ ಮನೆಗೆ ಹೋಗಿದ್ದೆವು. ತಡ ಮಾಡಿದವಳು ನಾನೇ. ಸಾತು ಮೂರು ಸಲ ಕೇಳಿದ ಮೇಲೆ ಹೊರಟೆ.

ಟೋರ್ಲೈಫ್‌ಗೆ ಈಗ ಎಪ್ಪತ್ತಾರು. ಕಣ್ಣಿನ ನಡುಭಾಗ ಹೋಗಿದೆ, ಅಂಚಿನಲ್ಲಷ್ಟೇ ಕಾಣುತ್ತದೆ. ಹಾಗಾಗಿ ಯಾರ ಜೊತೆ ಮಾತಾಡುತ್ತಾನೋ ಅವರ ಪಕ್ಕದ ಗೋಡೆ ನೋಡುತ್ತಾನೆ.

"ಯೋರುನ್, ಕೊನೆಗೂ ಬಂದ್ಯಾ. ಬರ್ಗೆನ್ನಿಗೆ ಹೊರಟಿದೀಯಂತೆ. ಅಲ್ಲಿ ಬರೀ ಮಳೆ. ಕೊಡೆ ಹಿಡ್ಕೊಂಡೇ ಸಾಯ್ತೀಯ."

"ಇಲ್ಲಿ ಜಾರಿಬಿದ್ದು ಸಾಯೋದಕ್ಕಿಂತ ವಾಸಿ," ಅಂದೆ.

"ನಿನ್ನ ಜೊತೆ ಇರೋದು ಯಾರು? ಮಾತೇ ಆಡ್ತಿಲ್ಲ."

"ಫಿನ್‌ಲ್ಯಾಂಡಿನವಳು."

"ಅವರು ಮಾತಾಡೋದೇ ಅಷ್ಟು. ಹಾಗಾದ್ರೆ ಬೇಜಾರಾಗಿಲ್ಲ ಅಂತ ತಿಳ್ಕೋತೀನಿ."

ಸಾತು ನಕ್ಕಳು. ಹಳೆಯ ಅಳತೆ ಪುಸ್ತಕಗಳನ್ನು ನೋಡಬಹುದೇ ಎಂದು ಕೇಳಿದಳು. ಅವನು ಬೇಡವೆಂದು ಕೈಯಾಡಿಸಿದ. "ಬೇಡ. ಅದೆಲ್ಲ ಮುಗಿದ ಕಥೆ. ಐದು ಅಂದೆ, ಜಗತ್ತು ಸೊನ್ನೆ ಅಂತು."

ಆ ಕಥೆ ಊರಿಗೆಲ್ಲ ಗೊತ್ತು. ಕೆಂಪು ಬೆಳಕಿನಲ್ಲಿ ನೂರಕ್ಕೆ ಐದು ಪಾಲು ಒಂದೇ ದಿಕ್ಕಿಗೆ ನಡುಗುತ್ತದೆ ಎಂದು ೧೯೭೧ರ ಬೇಸಿಗೆಯಲ್ಲಿ ಅವನು ಪ್ರಬಂಧ ಪ್ರಕಟಿಸಿದ. ಬೇರೆಯವರು ಅಳೆದರು, ಅವರಿಗೆ ಏನೂ ಸಿಗಲಿಲ್ಲ. ಸಭೆಯೊಂದರಲ್ಲಿ ಯಾರೋ ಎದ್ದು, ಬ್ರೆಕ್‌ಮೊ ತಮ್ಮ ಒಲೆಯ ಬೆಳಕನ್ನು ಅಳೆದಿರಬೇಕು ಎಂದರಂತೆ. ಇಡೀ ಸಭೆ ನಕ್ಕಿತಂತೆ. ಅವನ ಕೆಲಸ ಹೋಯಿತು. ಇಪ್ಪತ್ತೆಂಟು ವರ್ಷ ಇದೇ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ.

ಡಿಸೆಂಬರ್ ೯

ಟೋರ್ಲೈಫ್ ಫೋನ್ ಮಾಡಿದ್ದ. "ಪುಸ್ತಕ ಕೊಟ್ಟುಬಿಡು," ಅಂದ. ನಾನು ಮಾತಾಡುವ ಮೊದಲೇ ಇಟ್ಟ.

ಪುಸ್ತಕಗಳು ಲೈಬ್ರರಿಯ ಹಿಂದಿನ ಕೋಣೆಯಲ್ಲಿವೆ. ಅವನು ತಂದುಕೊಟ್ಟು ಇಪ್ಪತ್ತೈದು ವರ್ಷವಾಯಿತು. ಅಲ್ಲಿಯೇ ಕೆಲಸ ಮಾಡಿದೆ, ಅವುಗಳ ಧೂಳು ಒರೆಸಿದೆ, ಒಂದನ್ನೂ ತೆರೆದಿಲ್ಲ. ಇವತ್ತು ಹಾಗೇ ತಂದು ಸಾತುವಿನ ಮೇಜಿನ ಮೇಲಿಟ್ಟೆ.

ಡಿಸೆಂಬರ್ ೧೩

ಊಟದ ಹೊತ್ತಿಗೆ ಸಾತು ಕೇಳಿದಳು: "ಆಗ ಒಂಟಿಕೋಣೆ ದೀಪ? ಕಿಟಕಿಗೆ ಕದ ಇತ್ತಲ್ಲ, ಮುಚ್ಚಿರ್ತಿತ್ತಾ? ಹಿಮದ ಮೇಲೆ ಬಿದ್ದು ಚೆದುರಿದ ದೀಪದ ಬೆಳಕಲ್ಲೂ ಧ್ರುವೀಕರಣ ಆಗತ್ತೆ. ಅದು ಸೇರ್ಕೊಂಡ್ರೆ ಅಳತೆ ಸುಳ್ಳಾಗತ್ತೆ."

"ಮುಚ್ಚಿರ್ತಿತ್ತು," ಅಂದೆ.

ನಲವತ್ತು ವರ್ಷದ ಹಿಂದೆ ಹೇಳಿದ ಅದೇ ಮಾತು.

ಡಿಸೆಂಬರ್ ೨೪

ಹಬ್ಬಕ್ಕೆ ಅಕ್ಕಿ ಗಂಜಿ ಮಾಡಿ, ಸಿಕ್ಕಿದವರಿಗೆ ಅದೃಷ್ಟವೆಂದು ಒಳಗೆ ಒಂದೇ ಬಾದಾಮಿ ಬಚ್ಚಿಟ್ಟೆ. ಬಾದಾಮಿ ಸಾತುವಿಗೆ ಸಿಕ್ಕಿತು. ಅಕ್ಕ ಫೋನ್ ಮಾಡಿ, ಮಂಚ ಯಾವ ಗೋಡೆಗೆ ಹಾಕಲಿ ಎಂದು ಕೇಳಿದಳು. ಯಾವ ಗೋಡೆಯಾದರೂ ಆಗಬಹುದು ಎಂದೆ.

ಜನವರಿ ೬, ೨೦೧೨

ಒಂದು ತಿಂಗಳಲ್ಲಿ ಹನ್ನೆರಡು ದಿನ ಆಕಾಶ ತೆರೆಯಿತು. ಮಧ್ಯಾಹ್ನ ನಾಲ್ಕಕ್ಕೇ ಪೂರ್ತಿ ಕತ್ತಲು, ಐದಕ್ಕೆ ಅಳತೆ ಶುರು. ನಾನೂ ಹೋಗುತ್ತೇನೆ. ಏನೂ ಕೆಲಸವಿಲ್ಲ, ಯಂತ್ರ ತಾನೇ ತಿರುಗುತ್ತದೆ. ಥರ್ಮಾಸ್ ಹಿಡಿದುಕೊಂಡು ನಿಲ್ಲುತ್ತೇನೆ.

ಸಾತು ಇವತ್ತು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. "ಇದೆ, ಯೋರುನ್. ಕೆಂಪಲ್ಲಿ ಇದೆ. ನೂರಕ್ಕೆ ಎರಡೂವರೆ."

ಇದೆ. ಅವನು ಕಂಡದ್ದು ಭ್ರಮೆಯಲ್ಲ.

"ಆದ್ರೆ ಅವನು ಐದು ಅಂದಿದ್ದ," ಎಂದಳು. "ಎರಡರಷ್ಟು ಹೇಗೆ ಬಂತು ಅನ್ನೋದೇ ಗೊತ್ತಾಗ್ತಿಲ್ಲ. ದೀಪಾನೇ ಇರಬೇಕು. ಅವನೂ ಆಗ ಎಲ್ಲರ ಹತ್ರ ಹಾಗೇ ಹೇಳಿದ್ನಂತಲ್ಲ."

ಹೇಳಿದ್ದ. ಮೀನು ಅಂಗಡಿಯಲ್ಲಿ, ಶಾಲೆಯಲ್ಲಿ, ಅಂಚೆ ಕಚೇರಿಯಲ್ಲಿ. ಒಂಟಿಕೋಣೆಯ ದೀಪ ಇರಬಹುದು, ಯಾರೋ ಕದ ತೆರೆದಿಟ್ಟಿರಬಹುದು ಎಂದು. ಯಾರು ಎಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಅವನ ಆ ದೊಡ್ಡತನ ನೆನೆದು ಎಷ್ಟು ಸಲ ಅತ್ತಿದ್ದೇನೆ.

ಬರೆದೇ ಬಿಡುತ್ತೇನೆ. ೧೯೭೧ರ ಫೆಬ್ರವರಿಯಲ್ಲಿ ಟೋರ್ಲೈಫ್ ಜ್ವರ ಬಂದು ಊರಿಗಿಳಿದಿದ್ದ. ಮೂರು ರಾತ್ರಿ ನಾನೊಬ್ಬಳೇ ಅಳೆದೆ. ಮೂರೂ ರಾತ್ರಿ ನನ್ನ ಹುಡುಗ, ಮೀನುಗಾರ ಆರ್ನ್‌ಫಿನ್ ಬೆಟ್ಟದಾಚೆಯಿಂದ ಸ್ಕೀ ಮೇಲೆ ಬಂದ. ಅವನಿಗೆ ದಾರಿ ಕಾಣಲೆಂದು ಕಿಟಕಿಯ ಕದ ತೆರೆದಿಟ್ಟೆ. ಅವನು ಬಂದ ಮೇಲೂ ಮುಚ್ಚಲಿಲ್ಲ. ಸಭೆಯಲ್ಲಿ ನಗೆಪಾಟಲಾಗಿ ಬಂದ ಟೋರ್ಲೈಫ್ ಕೇಳಿದ, "ನಾನಿಲ್ದಾಗ ಕದ ಮುಚ್ಚಿತ್ತಲ್ಲ?" ಮುಚ್ಚಿತ್ತು ಎಂದೆ. ನನಗೆ ಆಸ್ಲೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರಕ್ಕೆ ಸೀಟು ಸಿಕ್ಕಿತ್ತು. ಒಬ್ಬನ ಬಾಳು ಹಾಳು ಮಾಡಿದವಳು ಅದನ್ನು ಓದಬಾರದು ಎನಿಸಿತು. ಹೋಗಲಿಲ್ಲ. ಆರ್ನ್‌ಫಿನ್‌ನನ್ನು ಮದುವೆಯಾದೆ.

ಜನವರಿ ೮

ಆರ್ನ್‌ಫಿನ್ ರಸ್ತೆಯ ಹಿಮ ತಳ್ಳುವ ಗಾಡಿ ತಂದಿದ್ದ. ಒಂಬತ್ತು ವರ್ಷ ನನ್ನ ಗಂಡನಾಗಿದ್ದ, ಮೂವತ್ತೊಂದು ವರ್ಷದಿಂದ ಬರೀ ಆರ್ನ್‌ಫಿನ್. ಈಗ ಚೆನ್ನಾಗಿದ್ದೇವೆ. ಒಳಗೆ ಕರೆದೆ. ಆಲೂಗಡ್ಡೆ ರೊಟ್ಟಿ ಲೆಫ್ಸೆಗೆ ಕಂದು ಚೀಸ್ ಹಾಕಿ ಸುತ್ತಿಕೊಟ್ಟೆ.

"ಎಪ್ಪತ್ತೊಂದರಲ್ಲಿ ಗುಡ್ಡಕ್ಕೆ ಬರ್ತಿದ್ಯಲ್ಲ, ಯಾವ ತಾರೀಕು ಅಂತ ನೆನಪಿದ್ಯಾ?"

ಅವನು ಅಗಿಯುವುದು ನಿಲ್ಲಿಸಿದ. "ಏನ್ ಕೇಳ್ತಿದೀಯ ಈ ವಯಸ್ಸಲ್ಲಿ? ಕೆಳಗೆ ಗಾಡಿ ಎಂಜಿನ್ ಓಡ್ತಾನೇ ಇದೆ."

"ತಮಾಷೆ ಬೇಡ. ಬೇಕಾಗಿದೆ."

"ಒಂಬತ್ತು, ಹತ್ತು, ಹನ್ನೊಂದು, ಫೆಬ್ರವರಿ. ದೋಣಿ ಎಂಜಿನ್ ಕೆಟ್ಟು ದಡಕ್ಕೆ ಎಳೆದಿದ್ವಿ. ದೋಣಿ ಪುಸ್ತಕದಲ್ಲಿ ಬರೆದಿದೆ. ಇಲ್ದಿದ್ರೆ ಮೀನು ಬಿಟ್ಟು ನಿನ್ನ ಹತ್ರ ಯಾಕೆ ಬರ್ತಿದ್ದೆ?" ಆಮೇಲೆ ದನಿ ಇಳಿಸಿದ. "ನಿನ್ನ ಕಿಟಕಿ ಕಂಡಿದ್ದು ಕೊನೇ ಇಳಿಜಾರಲ್ಲಿ ಮಾತ್ರ. ಅಲ್ಲೀವರೆಗೂ ನಕ್ಷತ್ರ ನೋಡ್ಕೊಂಡೇ ಬಂದೆ. ಅಷ್ಟು ನಕ್ಷತ್ರ ನಾನು ಸಮುದ್ರದ ಮೇಲೂ ನೋಡಿಲ್ಲ."

ಹೋಗುವಾಗ ಮೆಟ್ಟಿಲ ಹಿಮವನ್ನೂ ತಳ್ಳಿಕೊಟ್ಟು ಹೋದ.

ಜನವರಿ ೯

ಸಾತುವಿಗೆ ಹೇಳಿದೆ. ಎಲ್ಲವನ್ನೂ. ಅವಳು ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. "ಯಾವ ದಿನ?" ಎಂದಷ್ಟೇ ಕೇಳಿ ಪುಸ್ತಕ ತೆರೆದಳು.

ಫೆಬ್ರವರಿ ಒಂಬತ್ತು. ನನ್ನದೇ ಅಕ್ಷರ, ಗುಂಡಗೆ, ಚಿಕ್ಕದಾಗಿ. ಅಂಕಿಗಳ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಟೋರ್ಲೈಫ್‌ನ ಅಕ್ಷರದಲ್ಲಿ: ಮೋಡ. ಹತ್ತನೇ ತಾರೀಕು: ಮೋಡ. ಹನ್ನೊಂದು: ಮೋಡ.

ಸಾತು ಉಸಿರು ಬಿಟ್ಟಳು. "ಹಾಗಾದ್ರೆ ನಿನ್ನ ರಾತ್ರಿಗಳನ್ನ ಅವನು ಲೆಕ್ಕಕ್ಕೇ ತಗೊಂಡಿಲ್ಲ, ಯೋರುನ್. ಅವನು ತಗೊಂಡಿದ್ದು ಒಂಬತ್ತು ರಾತ್ರಿ ಮಾತ್ರ, ಅದರಲ್ಲಿ ಇವು ಇಲ್ಲ. ನಿನ್ನ ದೀಪಕ್ಕೂ ಅವನ ಐದಕ್ಕೂ ಸಂಬಂಧಾನೇ ಇಲ್ಲ."

ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ.

"ಮೋಡ ಇರ್ಲಿಲ್ಲ," ಅಂದೆ. "ಆರ್ನ್‌ಫಿನ್ ನಕ್ಷತ್ರ ನೋಡ್ಕೊಂಡು ಬಂದಿದ್ದ."

ಜನವರಿ ೧೨

ಸಾತು ಹವಾಮಾನ ಕಚೇರಿಯಿಂದ ಆ ಚಳಿಗಾಲದ ದಾಖಲೆ ತರಿಸಿದಳು. ಪುಸ್ತಕದಲ್ಲಿರುವುದು ಮೂವತ್ತೊಂದು ರಾತ್ರಿ. ಒಂಬತ್ತು ಪ್ರಬಂಧಕ್ಕೆ ಹೋದವು. ಇಪ್ಪತ್ತೆರಡಕ್ಕೆ ಮೋಡ ಎಂದು ಬರೆದಿದ್ದಾನೆ. ಅವುಗಳಲ್ಲಿ ಎಂಟು ನಿಜವಾಗಿ ಮೋಡ. ಹದಿನಾಲ್ಕು ರಾತ್ರಿ ಆಕಾಶ ಸ್ವಚ್ಛವಾಗಿತ್ತು. ಆ ಹದಿನಾಲ್ಕರಲ್ಲೂ ಅಂಕಿ ಚಿಕ್ಕದು, ಪ್ರಬಂಧಕ್ಕೆ ಹೋದ ಒಂಬತ್ತರಲ್ಲಿ ಮಾತ್ರ ದೊಡ್ಡದು.

ಒಲೆಯ ಮೇಲಿನ ಆಲೂಗಡ್ಡೆ ತಳ ಹಿಡಿಯಿತು.

ಜನವರಿ ೧೪

ಒಬ್ಬಳೇ ಹೋದೆ. ಕೋಟು ಬಿಚ್ಚದೆ ಅವನ ಮುಂದೆ ಕೂತೆ.

"ಎಪ್ಪತ್ತೊಂದನೇ ಇಸವಿ ಫೆಬ್ರವರಿ ಒಂಬತ್ತು. ಮೋಡ ಇತ್ತಾ?"

ಅವನು ನನ್ನ ಪಕ್ಕದ ಗೋಡೆ ನೋಡಿದ. "ಇರ್ಲಿಲ್ಲ."

"ಮಿಕ್ಕಿದ್ದು?"

"ಯಾವ್ದಕ್ಕೂ ಇರ್ಲಿಲ್ಲ. ಏಳೆಂಟು ಬಿಟ್ರೆ." ಮೊಣಕಾಲಿನ ಮೇಲಿನ ಕಂಬಳಿ ಸರಿಮಾಡಿಕೊಂಡ. "ಮೊದಲು ಒಂದಕ್ಕೆ ಬರೆದೆ. ಆವತ್ತು ತೆಳು ಮೋಡ ಇದ್ದೇ ಇರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ. ಇಲ್ದಿದ್ರೆ ಅಂಕಿ ಅಷ್ಟು ಕಡಿಮೆ ಯಾಕೆ ಬರತ್ತೆ? ಎರಡನೇದಕ್ಕೆ ಬರೆಯೋದು ಸುಲಭ ಆಯ್ತು. ಆಮೇಲೆ ಆಕಾಶ ನೋಡೋದೇ ಬಿಟ್ಟೆ, ಅಂಕಿ ನೋಡಿ ಮೋಡ ಬರೀತಿದ್ದೆ."

"ಅದು ನಿನ್ನ ಪಾಪ, ನಿನ್ನ ಹತ್ರ ಇಟ್ಕೋ. ದೀಪ ಅಂತ ಯಾಕೆ ಹೇಳ್ದೆ ಊರಿಗೆಲ್ಲ?"

ಹೊರಗೆ ಯಾರೋ ಊಟದ ಗಾಡಿ ತಳ್ಳಿಕೊಂಡು ಹೋದರು.

"ಕದ ಮುಚ್ಚಿತ್ತಾ ಅಂತ ಕೇಳ್ದಾಗ ನಿನ್ನ ಮುಖ ನೋಡ್ದೆ," ಎಂದ. "ಆಗ ಕಣ್ಣು ಚೆನ್ನಾಗಿತ್ತು. ನೀನು ತೆರೆದಿಟ್ಟಿದ್ದೆ ಅಂತ ಗೊತ್ತಾಯ್ತು. ಅದ್ರಿಂದ ಏನೂ ಆಗಿಲ್ಲ ಅಂತಾನೂ ಗೊತ್ತಿತ್ತು, ಆ ರಾತ್ರಿಗಳನ್ನ ಹೊಡೆದುಹಾಕಿದವನೇ ನಾನಲ್ವಾ? ಆದ್ರೆ ತಪ್ಪು ಬೇರೆ ಕಡೆ ಹೋಗೋಕೆ ಒಂದು ದಾರಿ ಸಿಕ್ತು. ನಿನ್ನ ಹೆಸರು ಹೇಳ್ಲಿಲ್ಲ, ಅದೇ ದೊಡ್ಡ ಉಪಕಾರ ಅಂದ್ಕೊಂಡೆ. ನೀನು ಆಸ್ಲೊಗೆ ಹೋಗಲ್ಲ ಅಂದಾಗ ಹೇಳಬೇಕಿತ್ತು. ಬಾಯಿ ಬರ್ಲಿಲ್ಲ."

"ನಲವತ್ತು ವರ್ಷ, ಟೋರ್ಲೈಫ್. ನೀನು ವಾರಕ್ಕೆರಡು ಸಲ ಲೈಬ್ರರಿಗೆ ಬರ್ತಿದ್ದೆ. ನನ್ನ ಎದುರಿಗೇ ಕೂತ್ಕೋತಿದ್ದೆ."

"ಹೌದು," ಅಂದ. "ನೀನು ಕಾಫಿ ಕೊಡ್ತಿದ್ದೆ."

ಎದ್ದು ಬಂದೆ.

ಜನವರಿ ೧೫

ಏನೂ ಬರೆಯಲಾರೆ.

ಜನವರಿ ೧೮

ಸಾತು ಗುಡ್ಡಕ್ಕೆ ಹೋದಳು. ನಾನು ಹೋಗಲಿಲ್ಲ. ಅಕ್ಕನಿಗೆ ಫೋನ್ ಮಾಡಿ ನಾಳೆಯೇ ಬರಲೇ ಎಂದು ಕೇಳಿದೆ. ಬಾ ಎಂದಳು. ಆಮೇಲೆ ಟಿಕೆಟ್ ಮಾಡಿಸಲಿಲ್ಲ.

ಜನವರಿ ೨೧

ಸೂರ್ಯ ಬಂದ. ನಾಲ್ಕು ನಿಮಿಷ. ಶಾಲೆಯ ಮಕ್ಕಳು ಅಂಗಳದಲ್ಲಿ ಕೂಗುತ್ತಿದ್ದರು. ಸೂರ್ಯ ಮರಳುವ ದಿನ ಪ್ರತಿ ವರ್ಷ ಮಾಡುವಂತೆ ಬನ್ನು ಮಾಡಿದೆ. ಹಿಟ್ಟು ಕಲಸುವ ಬೋಗುಣಿಗಾಗಿ ಮೂರು ರಟ್ಟಿನ ಪೆಟ್ಟಿಗೆ ಬಿಚ್ಚಬೇಕಾಯಿತು.

ಬನ್ನು ತಿನ್ನುತ್ತ ಸಾತು ಕೇಳಿದಳು: "ಆಸ್ಲೊಗೆ ಹೋಗಿದ್ರೆ ಏನಾಗ್ತಿದ್ದೆ?"

ಗೊತ್ತಿಲ್ಲ ಎಂದೆ. ಬಹುಶಃ ಅರ್ಧಕ್ಕೆ ಬಿಟ್ಟು ಬರುತ್ತಿದ್ದೆ. ಬಹುಶಃ ಇಲ್ಲ. ಇಡೀ ದಿನ ನನಗೆ ನೆನಪಾದದ್ದು ಆಸ್ಲೊ ಅಲ್ಲ. ಉಣ್ಣೆಯ ಕೈಗವಸಿನ ಮೇಲೆ ಚರ್ಮದ ಗವಸು ಹಾಕಿ ಒಂದೊಂದೇ ಗೆರೆ ತಿರುಗಿಸುತ್ತಿದ್ದದ್ದು, ತಪ್ಪಿದರೆ ಮೊದಲಿಂದ ಶುರುಮಾಡುತ್ತಿದ್ದದ್ದು. ಆ ಮೂರು ರಾತ್ರಿ, ಆರ್ನ್‌ಫಿನ್ ಒಳಗೆ ಒಲೆ ಮುಂದೆ ಕೂತು "ಬಾರೇ, ಆ ಬೆಳಕು ಎಲ್ಲಿಗೂ ಹೋಗಲ್ಲ" ಎಂದು ಕೂಗುತ್ತಿದ್ದಾಗಲೂ ನಾನು ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ.

ಸಾತುವಿನ ಜೊತೆ ಸಂಜೆ ಗುಡ್ಡ ಹತ್ತಿದೆ. ಯಂತ್ರದ ಗಾಜಿನ ಮೇಲೆ ಹಿಮ ಕಟ್ಟಿತ್ತು. ಅದನ್ನು ಉಜ್ಜದೆ ಅಂಗೈ ಕಾವಿನಿಂದ ಬಿಡಿಸುವುದು ಹೇಗೆಂದು ತೋರಿಸಿದೆ. ಅವಳಿಗೆ ಗೊತ್ತಿರಲಿಲ್ಲ.

ಫೆಬ್ರವರಿ ೩

ಸಾತು ಬೆಳಿಗ್ಗೆ ನೈಟಿಯಲ್ಲೇ ಕೆಳಗಿಳಿದು ಬಂದಳು. ಅಂಥವಳಲ್ಲ.

"ಸುಮ್ನೆ ಮಾಡಿ ನೋಡ್ದೆ," ಎಂದಳು. "ನಿನ್ನ ಮೂರು ರಾತ್ರಿಗೆ ದೀಪ ಎಷ್ಟು ಸೇರಿರಬಹುದು ಅಂತ ಮೊದಲು ನೋಡ್ಕೊಂಡೆ. ಕದ ತೆರೆದು, ಸೀಮೆಎಣ್ಣೆ ದೀಪ ಇಟ್ಟು ನಿನ್ನೆ ಅಳೆದೆ. ಕಿಟಕಿ ಕೆಳಗಿನ ಇಳಿಜಾರಿಗೆ ತೆರೆಯತ್ತೆ, ಯಂತ್ರ ಎತ್ತರಕ್ಕೆ ನೋಡತ್ತೆ. ಏನೂ ಬದಲಾಗಲ್ಲ. ಆಮೇಲೆ ಅವನ ಒಂಬತ್ತು ರಾತ್ರಿ, ಹೊಡೆದುಹಾಕಿದ ಹದಿನಾಲ್ಕು, ಎಲ್ಲಾ ಸೇರಿಸಿ ಸರಾಸರಿ ತೆಗೆದೆ."

"ಎಷ್ಟು?"

ಹೇಳಿದಳು. ಇನ್ನೊಂದು ಸಲ ಹೇಳಿಸಿದೆ.

"ಆಗ ಅಳೆದ ಬೇರೆಯವರ ಯಂತ್ರಕ್ಕೆ ನೂರಕ್ಕೆ ಮೂರಕ್ಕಿಂತ ಕಡಿಮೆ ಇದ್ರೆ ಗೊತ್ತೇ ಆಗ್ತಿರ್ಲಿಲ್ಲ," ಎಂದಳು. "ಐದು ಅಂದಿದ್ರಿಂದ ಸುಳ್ಳು ಅಂದ್ರು. ನಿಜ ಅಂಕಿ ಹೇಳಿದ್ರೆ ಯಾರೂ ಅಲ್ಲಗಳೆಯೋಕೆ ಆಗ್ತಿರ್ಲಿಲ್ಲ. ಅವನಿಗೆ ನೀನ್ ಹೇಳ್ತೀಯಾ, ನಾನ್ ಹೇಳಲಾ?"

ನೋಡೋಣ ಎಂದೆ.

ಫೆಬ್ರವರಿ ೫, ಭಾನುವಾರ

ಪುಸ್ತಕ ತೆಗೆದುಕೊಂಡು ಹೋದೆ. ಬೆಳಿಗ್ಗೆ ಹನ್ನೊಂದಕ್ಕೆ. ಕಿಟಕಿಯಲ್ಲಿ ಒಳ್ಳೆಯ ಬೆಳಕಿತ್ತು. ಅವನು ತೆಳ್ಳಗಾಗಿದ್ದ.

"ಬಯ್ಯೋಕೆ ಬಂದ್ಯಾ?"

"ಇಲ್ಲ. ಲೆಕ್ಕ ಮಾಡೋಕೆ. ನಾನು ಓದ್ತೀನಿ, ನೀನು ಕೂಡಿಸ್ತಾ ಹೋಗು."

"ಯಾವ ಲೆಕ್ಕ?"

"ಕೆಂಪಿಂದು. ಇಪ್ಪತ್ತಮೂರು ರಾತ್ರಿ."

ಇಪ್ಪತ್ತಮೂರು ಎಂದ ಕೂಡಲೇ ಅವನಿಗೆ ಅರ್ಥವಾಯಿತು. ಮುಖ ಕಿಟಕಿಯ ಕಡೆ ತಿರುಗಿಸಿದ. ಬೇಡ ಎನ್ನಬಹುದೆಂದು ಕಾದೆ. ಎನ್ನಲಿಲ್ಲ. ನಾನು ಓದತೊಡಗಿದೆ. ಮೊದಲ ಒಂಬತ್ತನ್ನು ಅವನು ನಾನು ಓದುವ ಮೊದಲೇ ಹೇಳಿದ, ಬಾಯಿಪಾಠವಿತ್ತು. ಒಟ್ಟು ನಲವತ್ತೈದು. ಆಮೇಲಿನವು ಬಂದಾಗ ನಿಧಾನವಾದ. ಒಂದು. ಸೊನ್ನೆ. ಒಂದೂವರೆ. ನನ್ನ ಮೂರು ರಾತ್ರಿ ಬಂದವು: ಒಂದು, ಎರಡು, ಒಂದು. ಹದಿನೆಂಟನೆಯದಕ್ಕೆ "ನಿಲ್ಲಿಸು" ಎಂದ. ನಿಲ್ಲಿಸಿದೆ. ನೀರು ಕುಡಿದ. "ಓದು" ಎಂದ.

ಮುಗಿದಾಗ ಐವತ್ತೊಂಬತ್ತು ಎಂದ. ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು, ಕಾಗದ ಬೇಕಾಗಲಿಲ್ಲ. ತುಟಿ ಅಲ್ಲಾಡಿತು. ಇಪ್ಪತ್ತಮೂರರಿಂದ ಭಾಗಿಸುತ್ತಿದ್ದ.

"ಎರಡೂವರೆ ಚಿಲ್ಲರೆ," ಅಂದ.

"ಸಾತುವಿಗೂ ಅಷ್ಟೇ ಬಂದಿದೆ. ಹೊಸ ಯಂತ್ರದಲ್ಲಿ."

ಅವನಿಗೆ ನಗು ಬಂತೋ ಅಳು ಬಂತೋ, ಭುಜ ಅಲುಗಿತು. "ಬರೀ ಅಷ್ಟಾ? ಅದು ಸಾಲದು ಅಂತ ಐದು ಮಾಡ್ದೆ ನಾನು."

"ಅಷ್ಟೇ."

"ಕಡಿಮೆ."

"ಕಡಿಮೆ. ಆದ್ರೆ ಇದೆ."

ಅವನು ಕೈ ಚಾಚಿದ. ನನ್ನ ಕೈಗಲ್ಲ, ಪುಸ್ತಕಕ್ಕೆ. ಫೆಬ್ರವರಿಯ ಪುಟ ಎಲ್ಲಿದೆ ಎಂದು ಕೇಳಿದ. ತೆರೆದು ಅವನ ತೊಡೆಯ ಮೇಲಿಟ್ಟೆ. ಕಣ್ಣಿನ ಅಂಚಿಗೆ ಬರುವ ಹಾಗೆ ತಲೆ ಓರೆಮಾಡಿಕೊಂಡು ಹುಡುಕಿದ. ಸಿಗಲಿಲ್ಲ. ನಾನು ಅವನ ಬೆರಳು ಹಿಡಿದು ಆ ಪದದ ಮೇಲೆ ಇಟ್ಟೆ.

"ಪೆನ್ನು ಕೊಡು," ಎಂದ.

ಕೊಟ್ಟೆ. ಹದಿನಾಲ್ಕು ಕಡೆಯೂ ನಾನು ಬೆರಳು ಇಟ್ಟುಕೊಟ್ಟೆ, ಅವನು ಮೋಡವನ್ನು ಹೊಡೆದುಹಾಕಿದ. ಕೆಲವು ಗೆರೆ ಪದದ ಮೇಲೆ ಬಿದ್ದವು, ಕೆಲವು ಪಕ್ಕಕ್ಕೆ. ನಾನು ತಿದ್ದಲಿಲ್ಲ. ಕ್ಷಮಿಸು ಎಂದು ಅವನು ಕೇಳಲಿಲ್ಲ, ಕ್ಷಮಿಸಿದೆ ಎಂದು ನಾನೂ ಹೇಳಲಿಲ್ಲ. ಇನ್ನೂ ಕ್ಷಮಿಸಿಲ್ಲ. ಊಟದ ಗಾಡಿ ಬಂದಾಗ ಅವನ ಮೀನಿನ ಮುಳ್ಳು ತೆಗೆದುಕೊಟ್ಟೆ. ನಿನ್ನ ಹೆಸರು ಯಾವುದರಲ್ಲೂ ಇಲ್ಲ, ಅಳತೆ ತೆಗೆದವಳು ನೀನೆಂದು ಈ ಪುಸ್ತಕದಲ್ಲಾದರೂ ಬರೆದುಕೋ ಎಂದ. ಮುಂದಿನ ಪುಟದಲ್ಲಿ ನಾನೇ ಬರೆದೆ: ಯೋರುನ್ ಹೆಲ್ಲಾನ್, ಮೂರು ರಾತ್ರಿ, ಆಕಾಶ ಸ್ವಚ್ಛ.